ಲಕ್ವವೆಂದು ಹೆದರಿ ಹೋದ ಪಶುಚಿಕಿತ್ಸಾಲಯ

ನಮ್ಮ 13 ವರ್ಷದ ಲ್ಯಾಬ್ರಡಾರ್ ಒಂದು ಬೆಳಿಗ್ಗೆ ತಲೆಯನ್ನು ಎಡಕ್ಕೆ ವಾಲಿಸಿಕೊಂಡು, ಕಣ್ಣುಗುಡ್ಡೆಗಳು ಅತ್ತಿತ್ತ ಓಡುತ್ತಿರಲು ಏಳಲಾರದೆ ಬಿದ್ದಿದ್ದನ್ನು ಕಂಡು, ಇದು ಲಕ್ವವೇ ಎಂದು ನಿರ್ಧರಿಸಿ ಮೈಸೂರಿನ ಖಾಸಗಿ ಪಶುಚಿಕಿತ್ಸಾಲಯವೊಂದಕ್ಕೆ ಕರೆದೊಯ್ದೆವು. ವೈದ್ಯೆ ಔಷಧಿ ಬರೆಯಲು ಆತುರಪಡದೆ, ರಕ್ತದೊತ್ತಡ ಅಳೆದು, ಕಿವಿಯೊಳಗೆ ನೋಡಿ, ಪಾದವನ್ನು ಮಗುಚಿ ನೆಲದ ಮೇಲಿಟ್ಟು ನಾಯಿ ಅದನ್ನು ತಾನೇ ಸರಿಪಡಿಸಿಕೊಳ್ಳುತ್ತದೆಯೇ ಎಂದು ಪರೀಕ್ಷಿಸಿದರು. ಅದು ತಕ್ಷಣ ಸರಿಪಡಿಸಿಕೊಂಡಿತು. ಮುದಿ ನಾಯಿಗಳಲ್ಲಿ ಒಳಕಿವಿಯ ಸಮತೋಲನ ಹಠಾತ್ತನೆ ತಪ್ಪಿದಾಗಲೂ ಹೀಗೆಯೇ ಕಾಣುತ್ತದೆಂದೂ, ಕಣ್ಣುಗಳು ಮೇಲೆ ಕೆಳಗೆ ಚಲಿಸಿದರೆ, ಪಾದದ ಅರಿವು ತಪ್ಪಿದರೆ ಅಥವಾ ಎಚ್ಚರ ಮಂಕಾದರೆ ಮಿದುಳನ್ನು ಶಂಕಿಸಬೇಕೆಂದೂ, ಲಕ್ವವನ್ನು, ಅಂದರೆ ಮಿದುಳಿನ ಆಘಾತವನ್ನು, ಖಚಿತಪಡಿಸಿಕೊಳ್ಳಲು ಎಂಆರ್‌ಐ ಬೇಕೆಂದೂ ಅವರು ವಿವರಿಸಿದರು. ಮೂತ್ರಪಿಂಡದ ಕಾಯಿಲೆ, ಅಧಿಕ ರಕ್ತದೊತ್ತಡಗಳು ಆಘಾತಕ್ಕೆ ದಾರಿಯಾಗಬಲ್ಲವಾದ್ದರಿಂದ ರಕ್ತಪರೀಕ್ಷೆಯನ್ನೂ ಮಾಡಿಸಿದರು.

ಶುಲ್ಕವನ್ನು ಮೊದಲೇ ಬರೆದು ತೋರಿಸಿದ್ದು ಮೆಚ್ಚುಗೆಯಾಯಿತು. ಆದರೆ ನುಣುಪಾದ ಟೈಲ್ಸ್ ನೆಲದ ಮೇಲೆ ತೂರಾಡುವ ನಾಯಿ ಮತ್ತೆ ಮತ್ತೆ ಜಾರುತ್ತಿತ್ತು; ಒಂದು ಗೋಣಿಚೀಲವನ್ನಾದರೂ ಹಾಸಬಹುದಿತ್ತು. ಮೂರು ವಾರಗಳ ಬಳಿಕ ನಾಯಿ ಮೊದಲಿನಂತೆ ನಡೆಯುತ್ತಿದೆ, ತಲೆ ಮಾತ್ರ ಇನ್ನೂ ತುಸು ವಾಲಿದೆ.