ಮೋಗ್ ಡಿಎಫ್‌ಎಎಂ ವಿಮರ್ಶೆ: ಒಂದೇ ದನಿ, ಎಂಟು ಸ್ಟೆಪ್

ಡ್ರಮ್ ಮಷೀನ್ ಹುಡುಕುತ್ತಿರುವವರು ಮೋಗ್ ಕಂಪನಿಯ ಡಿಎಫ್‌ಎಎಂ ಎಂಬ ಅನಲಾಗ್ ತಾಳದ ಸಿಂಥಸೈಜರ್ ಕೊಂಡರೆ ಮೊದಲ ದಿನವೇ ಪೆಚ್ಚಾಗುತ್ತಾರೆ. ಕಿಕ್‌ಗೊಂದು, ಸ್ನೇರ್‌ಗೊಂದು, ಹ್ಯಾಟ್‌ಗೊಂದು ಎಂದು ಡ್ರಮ್ ಸೆಟ್‌ನ ಒಂದೊಂದು ಭಾಗಕ್ಕೆ ಬೇರೆ ಬೇರೆ ಗುಂಡಿಗಳು ಇದರಲ್ಲಿಲ್ಲ. ಪರದೆಯಿಲ್ಲ, ಉಳಿಸಿಟ್ಟ ಸದ್ದುಗಳ ಪ್ರೀಸೆಟ್ ಇಲ್ಲ, ವಾದ್ಯಗಳನ್ನು ಪರಸ್ಪರ ಜೋಡಿಸುವ ಮಿಡಿ ಇಲ್ಲ, ಯುಎಸ್‌ಬಿಯೂ ಇಲ್ಲ. ಒಂದು ಹೊತ್ತಿಗೆ ಒಂದೇ ದನಿ. ಆ ಒಂದು ದನಿಯನ್ನು ಎಂಟು ಸ್ಟೆಪ್‌ಗಳಲ್ಲಿ, ಅಂದರೆ ಸಾಲಾಗಿ ಬರುವ ಎಂಟು ಹೊಡೆತಗಳಲ್ಲಿ, ಎಷ್ಟು ಬಗೆಯಾಗಿ ತಿರುಚಬಹುದು ಎನ್ನುವುದರ ಮೇಲೆಯೇ ಇಡೀ ಯಂತ್ರ ನಿಂತಿದೆ. ಇದನ್ನು ಮೊದಲೇ ಒಪ್ಪಿಕೊಂಡು ಕೂತವರಿಗೆ ಇದು ಬಗೆದಷ್ಟೂ ಸಿಗುವ ವಾದ್ಯ.

ಡ್ರಮ್ಮರ್ ಫ್ರಮ್ ಅನದರ್ ಮದರ್ ಎಂಬುದು ಪೂರ್ತಿ ಹೆಸರು. 2015ರಲ್ಲಿ ಬಂದ ಮೋಗ್‌ನದೇ ಸಿಂಥಸೈಜರ್ ಮದರ್-32ಗೆ ಇದು ತಮ್ಮ. 2017ರ ಮೋಗ್‌ಫೆಸ್ಟ್ ಉತ್ಸವದಲ್ಲಿ ಕೈಯಾರೆ ಜೋಡಿಸುವ ಕಿಟ್ ಆಗಿ ಕಾಣಿಸಿಕೊಂಡು, 2018ರಲ್ಲಿ ಮಾರುಕಟ್ಟೆಗೆ ಬಂತು. ಸ್ವರ ಹುಟ್ಟಿಸುವ ಎರಡು ಅನಲಾಗ್ ಆಸಿಲೇಟರ್, ಒಂದು ಬಿಳಿ ಶಬ್ದದ (ನಾಯ್ಸ್) ಮೂಲ, ಲೋ-ಪಾಸ್ (ಕೆಳಗಿನ ಸದ್ದನ್ನಷ್ಟೇ ಬಿಡುವ) ಅಥವಾ ಹೈ-ಪಾಸ್ (ಮೇಲಿನದನ್ನಷ್ಟೇ ಬಿಡುವ) ಆಗಿ ಬದಲಿಸಬಹುದಾದ ಲ್ಯಾಡರ್ ಫಿಲ್ಟರ್, ಪ್ರತಿ ಹೊಡೆತದ ಏರಿಳಿತ ರೂಪಿಸುವ ಮೂರು ಎನ್ವೆಲಪ್, ಎಂಟು ಸ್ಟೆಪ್‌ಗಳನ್ನು ಸಾಲಾಗಿ ನುಡಿಸುವ ಸೀಕ್ವೆನ್ಸರ್, ಬಲಗಡೆ ಕೇಬಲ್ ಚುಚ್ಚುವ 24 ತೂತುಗಳ ಪ್ಯಾಚ್‌ಬೇ. ಇದರಲ್ಲಿ 15 ಇನ್‌ಪುಟ್, 9 ಔಟ್‌ಪುಟ್. ಸೆಮಿ-ಮಾಡ್ಯುಲರ್ ಆದ್ದರಿಂದ ಒಳಗಿನ ಜೋಡಣೆ ಆಗಲೇ ಆಗಿರುತ್ತದೆ, ಒಂದು ಕೇಬಲ್ಲೂ ಇಲ್ಲದೆ ನುಡಿಯುತ್ತದೆ. ಹಲವು ತೂತುಗಳಲ್ಲಿ ಕೇಬಲ್ ಚುಚ್ಚಿದ ಕ್ಷಣ ಒಳಗಿನ ದಾರಿ ಕಡಿದು ನಿಮ್ಮ ದಾರಿ ಶುರುವಾಗುತ್ತದೆ. ಇದು ನೆನಪಿದ್ದರೆ ಅರ್ಧ ಗೊಂದಲ ಬಗೆಹರಿದಂತೆ.

ಪ್ರತಿ ಸ್ಟೆಪ್‌ಗೂ ಎರಡೇ ನಾಬ್: ಪಿಚ್ (ಸ್ವರದ ಎತ್ತರ) ಮತ್ತು ವೆಲಾಸಿಟಿ (ಹೊಡೆತದ ಬಲ). ಹೊಸಬರು ಪಿಚ್ ಸಾಲಿನಲ್ಲೇ ಗಂಟೆಗಟ್ಟಲೆ ಕಳೆದು ವೆಲಾಸಿಟಿಯನ್ನು ಬರೀ ವಾಲ್ಯೂಮ್ ಎಂದು ಬಿಟ್ಟುಬಿಡುತ್ತಾರೆ. ನಿಜವಾದ ಜೀವ ಇರುವುದು ವೆಲಾಸಿಟಿಯಲ್ಲಿ. ಅದು ಎನ್ವೆಲಪ್‌ಗಳ ಬಲವನ್ನೇ ಬದಲಿಸುವುದರಿಂದ, ಕಡಿಮೆ ಮಾಡಿದ ಸ್ಟೆಪ್ ಸಣ್ಣಗಾಗುವುದರ ಜೊತೆಗೆ ಮಬ್ಬಾಗಿಯೂ ಕೇಳುತ್ತದೆ. ಕೈಯಲ್ಲಿ ಮೆಲ್ಲಗೆ ತಟ್ಟಿದ ಚರ್ಮವಾದ್ಯವೂ ಹೀಗೆಯೇ ನುಡಿಯುವುದು. ಎಂಟೂ ಪಿಚ್ ನಾಬ್‌ಗಳನ್ನು ನಡುವಿಗಿಟ್ಟು, ವೆಲಾಸಿಟಿ ಮಾತ್ರ ಏರುಪೇರು ಮಾಡಿ ಒಂದು ನಡೆ ಕಟ್ಟಿ ನೋಡಿ. ಅದು ಕಿವಿಗೆ ಹಿಡಿಸಿದ ಮೇಲೆ ಪಿಚ್ ಮುಟ್ಟಿದರೆ ಸಾಕು.

ಮೊದಲು ಕಿಕ್ ಮಾಡೋಣ. ನಾಬ್‌ಗಳ ಜಾಗವನ್ನು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಹೇಳುತ್ತೇನೆ. ವಿಸಿಒ ಅಂದರೆ ಆಸಿಲೇಟರ್, ವಿಸಿಎ ಅಂದರೆ ಸದ್ದಿನ ಮಟ್ಟ ಏರಿಳಿಸುವ ಭಾಗ, ಇಜಿ ಅಂದರೆ ಎನ್ವೆಲಪ್, ಡಿಕೇ ಅಂದರೆ ಅದು ಇಳಿಯಲು ಹಿಡಿಯುವ ಹೊತ್ತು. ವಿಸಿಒ 1 ತ್ರಿಕೋನ ತರಂಗಕ್ಕೆ, ಅದರ ಲೆವೆಲ್ 2 ಗಂಟೆಗೆ. ವಿಸಿಒ 2 ಮತ್ತು ನಾಯ್ಸ್ ಲೆವೆಲ್ ಸೊನ್ನೆ. ಸ್ಟೆಪ್‌ಗಳ ಪಿಚ್ ಯಾವ ಆಸಿಲೇಟರ್‌ಗೆ ಹೋಗಬೇಕೆಂದು ತೀರ್ಮಾನಿಸುವ ಸೀಕ್ ಪಿಚ್ ಮಾಡ್ ಸ್ವಿಚ್ ಆಫ್. ಫಿಲ್ಟರ್ ಲೋ-ಪಾಸ್, ಅದು ಕತ್ತರಿಸುವ ಜಾಗವಾದ ಕಟಾಫ್ 11 ಗಂಟೆ, ಆ ಜಾಗವನ್ನು ಎದ್ದು ಕೇಳಿಸುವ ರೆಸೊನೆನ್ಸ್ ಪೂರ್ತಿ ಕೆಳಗೆ. ವಿಸಿಎ ಇಜಿ ಫಾಸ್ಟ್, ವಿಸಿಎ ಡಿಕೇ 11 ಗಂಟೆ. ಫ್ರೀಕ್ವೆನ್ಸಿಯನ್ನು ಕಿವಿಯಿಂದ 50 ಹರ್ಟ್ಸ್ ಆಸುಪಾಸಿಗೆ ಇಳಿಸಿ. ಆಮೇಲೆ ವಿಸಿಒ 1 ಇಜಿ ಅಮೌಂಟನ್ನು ನಡುವಿನಿಂದ 2 ಗಂಟೆಗೆ ಏರಿಸಿ, ವಿಸಿಒ ಡಿಕೇಯನ್ನು 9 ಗಂಟೆಗೆ ಇಡಿ. ಹೊಡೆತ ಎದೆಗೆ ತಾಗುವ ಬದಲು 'ಪಿಯೂ' ಎಂದು ಜಾರಿದರೆ ವಿಸಿಒ ಡಿಕೇ ಉದ್ದವಾಗಿದೆ, ಮೊದಲು ಅದನ್ನು ಕಡಿಮೆ ಮಾಡಿ. ಆಮೇಲೂ ಹಾಗೇ ಇದ್ದರೆ ಇಜಿ ಅಮೌಂಟ್ ಇಳಿಸಿ. ಇಜಿ ಅಮೌಂಟ್ ನಾಬ್‌ಗಳೆಲ್ಲ ಎರಡೂ ಕಡೆ ಕೆಲಸ ಮಾಡುತ್ತವೆ: 12 ಗಂಟೆಗೆ ಸೊನ್ನೆ, ಎಡಕ್ಕೆ ತಿರುಗಿಸಿದರೆ ಸ್ವರ ಕೆಳಗಿನಿಂದ ಮೇಲಕ್ಕೇರುತ್ತದೆ. ರೆಸೊನೆನ್ಸ್ ಹೆಚ್ಚಿಸಿ ಕಿಕ್ಕನ್ನು ದಪ್ಪ ಮಾಡಲು ಹೋಗಬೇಡಿ. ಲ್ಯಾಡರ್ ಫಿಲ್ಟರಿನ ಗುಣವೇ ಹಾಗೆ, ರೆಸೊನೆನ್ಸ್ ಏರಿದಂತೆ ಕೆಳಗಿನ ತೂಕ ಕರಗುತ್ತದೆ.

ಈ ಕಿಕ್ಕನ್ನು ಒಂದೇ ಸಮನೆ ನುಡಿಸಿದಾಗ ಪ್ರತಿ ಹೊಡೆತದ ಆರಂಭ ಸ್ವಲ್ಪ ಬೇರೆಯಾಗಿ ಕೇಳುತ್ತದೆ. ಕೆಲವು ಸಲ ಟಕ್ಕೆಂದು, ಕೆಲವು ಸಲ ಮೆತ್ತಗೆ. ಇದು ದೋಷವಲ್ಲ. ಆಸಿಲೇಟರ್‌ಗಳು ಹೊಡೆತ ಶುರುಮಾಡುವ ಟ್ರಿಗರ್ ಸಂಕೇತ ಬಂದಾಗ ಮೊದಲಿನಿಂದ ಶುರುವಾಗುವುದಿಲ್ಲ, ಹಿನ್ನೆಲೆಯಲ್ಲಿ ಸದಾ ಓಡುತ್ತಲೇ ಇರುತ್ತವೆ. 50 ಹರ್ಟ್ಸ್‌ನಲ್ಲಿ ತರಂಗದ ಒಂದು ಸುತ್ತಿಗೆ 20 ಮಿಲಿಸೆಕೆಂಡ್ ಬೇಕು. ವಿಸಿಎ ತೆರೆದ ಗಳಿಗೆಯಲ್ಲಿ ತರಂಗ ಆ ಸುತ್ತಿನ ಎಲ್ಲಿದೆಯೋ ಅಲ್ಲಿಂದಲೇ ಸದ್ದು ಹೊರಡುತ್ತದೆ. ಗಡುಸಾದ ನೃತ್ಯಸಂಗೀತಕ್ಕೆ ಎಲ್ಲ ಕಿಕ್ಕೂ ತದ್ರೂಪಾಗಿರಬೇಕೆಂದರೆ ಮೂವತ್ತು ನಲವತ್ತು ಹೊಡೆತ ರೆಕಾರ್ಡ್ ಮಾಡಿ, ಚೆನ್ನಾಗಿರುವ ಒಂದನ್ನು ಸ್ಯಾಂಪಲ್ ಆಗಿ ಬಳಸಿ. ಉಳಿದ ಬಗೆಯ ಸಂಗೀತದಲ್ಲಿ ಈ ವ್ಯತ್ಯಾಸವನ್ನು ಹಾಗೆಯೇ ಬಿಡುವುದು ಒಳ್ಳೆಯದು. ಸ್ಯಾಂಪಲ್ ಆಧಾರಿತ ಯಂತ್ರದಿಂದ ಇದನ್ನು ತೆಗೆಯಲು ತಿಣುಕಬೇಕಾಗುತ್ತದೆ.

ಲೋಹದ ಸದ್ದಿಗೆ ಎರಡೂ ಆಸಿಲೇಟರ್ ಚೌಕ ತರಂಗಕ್ಕೆ, ಎರಡೂ ಎತ್ತರದ ಸ್ವರಕ್ಕೆ. ಒಂದಕ್ಕೊಂದು ಶ್ರುತಿ ಸೇರಬಾರದು. 1ಕ್ಕೆ 1.4ರಂಥ ಅಡ್ಡಾದಿಡ್ಡಿ ಅನುಪಾತವೇ ಬೇಕು, ಹೊಂದಿಕೊಂಡರೆ ಲೋಹದ ಗುಣ ಹೋಗಿ ಒಂದೇ ಸ್ವರ ನುಡಿದಂತಾಗುತ್ತದೆ. ಮೊದಲ ಆಸಿಲೇಟರ್ ಎರಡನೆಯದರ ಸ್ವರವನ್ನು ಎಷ್ಟು ಅಲುಗಿಸಬೇಕೆಂದು ಹೇಳುವ 1→2 ಎಫ್‌ಎಂ ಅಮೌಂಟ್ 1 ಗಂಟೆಗೆ, ನಾಯ್ಸ್ 10 ಗಂಟೆಗೆ, ಫಿಲ್ಟರ್ ಹೈ-ಪಾಸ್, ವಿಸಿಎ ಡಿಕೇ 8 ಗಂಟೆಗೆ. ಈಗ ಒಂದೇ ಒಂದು ಕೇಬಲ್ ಹಾಕಿ: ವೆಲಾಸಿಟಿ ಔಟ್‌ಪುಟ್‌ನಿಂದ ವಿಸಿಎ ಡಿಕೇ ಇನ್‌ಪುಟ್‌ಗೆ. ವೆಲಾಸಿಟಿ ಕಡಿಮೆಯಿರುವ ಸ್ಟೆಪ್ ಮುಚ್ಚಿದ ಹ್ಯಾಟ್‌ನಂತೆ ಚುಟುಕಾಗಿ, ಹೆಚ್ಚಿರುವುದು ತೆರೆದ ಹ್ಯಾಟ್‌ನಂತೆ ಉದ್ದವಾಗಿ ಕೇಳುತ್ತದೆ. ಈ ಯಂತ್ರದಲ್ಲಿ ಕಲಿಯಬೇಕಾದ ಮೊದಲ ಪ್ಯಾಚ್ ಇದೇ. ಅದೇ ವೆಲಾಸಿಟಿಯನ್ನು 1→2 ಎಫ್‌ಎಂ ಇನ್‌ಪುಟ್‌ಗೆ ಕೊಟ್ಟರೆ ಬಲವಾದ ಹೊಡೆತ ಹೆಚ್ಚು ಒರಟಾಗುತ್ತದೆ. ನಾಯ್ಸ್ ಲೆವೆಲ್‌ಗೆ ಕೊಟ್ಟರೆ ಒಂದೇ ಸಾಲಿನಲ್ಲಿ ಟಾಮ್ ಮತ್ತು ಸ್ನೇರ್ ಎರಡರ ಭಾಸವೂ ಹುಟ್ಟುತ್ತದೆ: ನಾಬ್ ಸೊನ್ನೆಯಲ್ಲಿರಲಿ, ವೆಲಾಸಿಟಿ ಏರಿದ ಸ್ಟೆಪ್‌ನಲ್ಲಿ ಮಾತ್ರ ಶಬ್ದ ಬೆರೆಯುತ್ತದೆ.

ವಿಸಿಒ 1ರ ಪ್ರತಿ ಸುತ್ತಿಗೂ ವಿಸಿಒ 2ನ್ನು ಮೊದಲಿನಿಂದ ಶುರು ಮಾಡಿಸುವ ಹಾರ್ಡ್ ಸಿಂಕ್ ಆನ್ ಮಾಡಿ ಸೀಕ್ ಪಿಚ್ ಮಾಡ್ ಸ್ವಿಚ್ಚನ್ನು ವಿಸಿಒ 2ಕ್ಕೆ ಮಾತ್ರ ಇಟ್ಟರೆ ಇನ್ನೊಂದು ಲೋಕ. ಮೂಲ ಸ್ವರ ವಿಸಿಒ 1ರಲ್ಲಿ ನಿಂತಿರುತ್ತದೆ, ಪಿಚ್ ನಾಬ್‌ಗಳು ನಾದದ ಬಣ್ಣವನ್ನಷ್ಟೇ ಬದಲಿಸುತ್ತವೆ. ಎರಡನ್ನೂ ಬೆರೆಸದೆ ವಿಸಿಒ 2ರ ಲೆವೆಲ್ ಮಾತ್ರ ಏರಿಸಿ ಕೇಳಿ, ಆಗ ಸಿಂಕ್‌ನ ಕೆಲಸ ಸ್ಪಷ್ಟವಾಗುತ್ತದೆ.

ಇನ್ನು ಶ್ರುತಿಯ ವಿಚಾರ, ಹೆಚ್ಚಿನ ದೂರು ಹುಟ್ಟುವ ಜಾಗ. ಪಿಚ್ ನಾಬ್‌ಗಳಿಗೆ ಸ್ವರದ ಮೆಟ್ಟಿಲುಗಳಿಲ್ಲ. ಒಂದೊಂದೂ ಮೈನಸ್ 5ರಿಂದ ಪ್ಲಸ್ 5 ವೋಲ್ಟ್‌ವರೆಗೆ ಹರಡಿದೆ. ಒಂದು ವೋಲ್ಟ್‌ಗೆ ಒಂದು ಆಕ್ಟೇವ್ ಎಂದರೆ ಹತ್ತು ಆಕ್ಟೇವ್, 120 ಅರ್ಧಸ್ವರ. ನಾಬ್ ಸುಮಾರು 300 ಡಿಗ್ರಿ ತಿರುಗುತ್ತದೆ ಎಂದಿಟ್ಟುಕೊಂಡರೆ ಅರ್ಧಸ್ವರಕ್ಕೆ ಎರಡೂವರೆ ಡಿಗ್ರಿ. ಬೆರಳು ಎಷ್ಟು ಪಳಗಿದ್ದರೂ ಇದು ಕಷ್ಟವೇ. ಪರಿಹಾರ ಸುಲಭ ಮತ್ತು ಅಗ್ಗ: ಸೀಕ್ ಪಿಚ್ ಮಾಡ್ ಆಫ್ ಮಾಡಿ, ಪಿಚ್ ಔಟ್‌ಪುಟ್ಟನ್ನು ವೋಲ್ಟೇಜ್ ತಗ್ಗಿಸುವ ಒಂದು ಅಟೆನ್ಯುಯೇಟರ್ ಮೂಲಕ ವಿಸಿಒ 1 ಸಿವಿ (ನಿಯಂತ್ರಣ ವೋಲ್ಟೇಜ್) ಇನ್‌ಪುಟ್‌ಗೆ ಕೊಡಿ. ಅಟೆನ್ಯುಯೇಟರ್ ಐದನೆಯ ಒಂದು ಭಾಗಕ್ಕೆ ಇಳಿಸಿದರೆ ನಾಬ್‌ನ ಪೂರ್ತಿ ಓಟಕ್ಕೆ ಎರಡೇ ಆಕ್ಟೇವ್, ಅರ್ಧಸ್ವರಕ್ಕೆ ಹನ್ನೆರಡೂವರೆ ಡಿಗ್ರಿ. ಖಚಿತ ಸ್ವರವೇ ಬೇಕಾದರೆ ಅದೇ ಜಾಗದಲ್ಲಿ ವೋಲ್ಟೇಜನ್ನು ಹತ್ತಿರದ ಸ್ವರಕ್ಕೆ ಕೂರಿಸುವ ಕ್ವಾಂಟೈಸರ್ ಮಾಡ್ಯೂಲ್ ಸೇರಿಸಿ. ಶ್ರುತಿ ಮಾಡುವಾಗ ವಿಸಿಒ 1 ಔಟ್‌ಪುಟ್ಟನ್ನು ನೇರ ಟ್ಯೂನರ್‌ಗೆ ಕೊಟ್ಟರೆ ಸದ್ದು ಕಡಿಯದೆ ಬರುತ್ತಿರುತ್ತದೆ, ಡಿಕೇಗೆ ಕಾಯಬೇಕಿಲ್ಲ. ಸೀಕ್ವೆನ್ಸರ್ ನಿಲ್ಲಿಸಿ, ಅಡ್ವಾನ್ಸ್ ಗುಂಡಿಯಿಂದ ಒಂದೊಂದೇ ಸ್ಟೆಪ್‌ಗೆ ಹೋಗಿ ಹೊಂದಿಸಿ. ಆನ್ ಮಾಡಿದ ಕೂಡಲೇ ಈ ಕೆಲಸಕ್ಕೆ ಕೈ ಹಾಕಬೇಡಿ. ಅನಲಾಗ್ ಆಸಿಲೇಟರ್ ಬಿಸಿಯಾಗುತ್ತಾ ಸ್ವರ ಜಾರಿಸುತ್ತದೆ, ಕಾಲು ಗಂಟೆ ಬಿಡಿ.

ಸೀಕ್ವೆನ್ಸರ್‌ನ ದೊಡ್ಡ ಕೊರತೆ ರೀಸೆಟ್ ಇಲ್ಲದಿರುವುದು. 24 ತೂತುಗಳಲ್ಲಿ ಮೊದಲ ಸ್ಟೆಪ್‌ಗೆ ವಾಪಸ್ ಕಳಿಸುವ ಇನ್‌ಪುಟ್ ಒಂದೂ ಇಲ್ಲ. ಸಾಲಿನ ಉದ್ದವನ್ನು ಐದಕ್ಕೋ ಆರಕ್ಕೋ ಇಳಿಸುವ ಸ್ವಿಚ್ಚೂ ಇಲ್ಲ, ಯಾವಾಗಲೂ ಎಂಟು. ವೇದಿಕೆಯಲ್ಲಿ ಬೇರೆ ಯಂತ್ರಗಳ ಜೊತೆ ನುಡಿಸುವವರಿಗೆ ಇದು ನಿಜವಾದ ತಲೆನೋವು, ವೇಗ ತಿಳಿಸುವ ಕ್ಲಾಕ್‌ನ ಒಂದು ಪಲ್ಸ್ (ಮಿಡಿತ) ತಪ್ಪಿದರೆ ಮೊದಲ ಏಟು ಎಲ್ಲೋ ನಡುವೆ ಬೀಳುತ್ತದೆ. ತಪ್ಪಿಸುವ ದಾರಿ ಹೀಗಿದೆ. ಮುಖ್ಯ ಕ್ಲಾಕ್ ನಿಂತಿರುವಾಗ ಅಡ್ವಾನ್ಸ್ ಒತ್ತಿ ಎಂಟನೆಯ ಸ್ಟೆಪ್‌ನ ದೀಪ ಹತ್ತುವಂತೆ ಮಾಡಿ. ಅಡ್ವ್/ಕ್ಲಾಕ್ ಇನ್‌ಪುಟ್‌ನಲ್ಲಿ ಕೇಬಲ್ ಇರಲಿ, ರನ್ ಒತ್ತಿ ಬಿಡಿ. ಕ್ಲಾಕ್ ಶುರುವಾದಾಗ ಮೊದಲ ಪಲ್ಸ್ ಸರಿಯಾಗಿ ಒಂದನೆಯ ಸ್ಟೆಪ್ ಮೇಲೆ ಬೀಳುತ್ತದೆ. ಪ್ರತಿ ಹಾಡಿಗೂ ಮುಂಚೆ ಇದು ಅಭ್ಯಾಸವಾಗಬೇಕು.

ಒಂದು ಪಲ್ಸ್‌ಗೆ ಒಂದು ಸ್ಟೆಪ್, ಅಷ್ಟೇ ಇದಕ್ಕೆ ಗೊತ್ತಿರುವುದು. ಹದಿನಾರನೆಯ ಭಾಗದ ಸ್ವರಗಳಲ್ಲಿ ಓಡಬೇಕೆಂದರೆ ಒಂದು ಬೀಟ್‌ಗೆ ನಾಲ್ಕು ಪಲ್ಸ್ ಬೇಕು. 120 ಬಿಪಿಎಂ (ನಿಮಿಷಕ್ಕೆ 120 ಬೀಟ್) ಆದರೆ 125 ಮಿಲಿಸೆಕೆಂಡಿಗೊಂದು. ಮಿಡಿ ಕ್ಲಾಕ್ ಬೀಟ್‌ಗೆ 24 ಪಲ್ಸ್ ಕಳಿಸುತ್ತದೆ. ಮಿಡಿಯನ್ನು ಪಲ್ಸ್ ಆಗಿಸುವ ಪರಿವರ್ತಕ ಅದನ್ನು ಹಾಗೆಯೇ ದಾಟಿಸಿದರೆ ಸಾಲು ಆರು ಪಟ್ಟು ವೇಗವಾಗಿ ಕೊಚ್ಚಿಕೊಂಡು ಹೋಗುತ್ತದೆ, ಆರರಿಂದ ಭಾಗಿಸುವ ಕ್ಲಾಕ್ ಡಿವೈಡರ್ ನಡುವೆ ಹಾಕಿ. ಕೋರ್ಗ್ ವೋಲ್ಕಾದಂಥ ಯಂತ್ರಗಳ ಸಿಂಕ್ ಬೀಟ್‌ಗೆ ಎರಡೇ ಪಲ್ಸ್, ಅಲ್ಲಿ ಅರ್ಧ ವೇಗ. ಕಂಪ್ಯೂಟರ್‌ನಿಂದ ಕ್ಲಾಕ್ ಕಳಿಸುವಾಗ ಡಿಸಿ-ಕಪಲ್ಡ್ (ಸ್ಥಿರ ವೋಲ್ಟೇಜನ್ನೂ ದಾಟಿಸುವ) ಔಟ್‌ಪುಟ್ ಇರುವ ಆಡಿಯೊ ಇಂಟರ್‌ಫೇಸ್ ಇದ್ದರೆ ಪಲ್ಸ್ ಶುದ್ಧವಾಗಿ ಬರುತ್ತದೆ. ತನ್ನ ಟೆಂಪೊದಲ್ಲಿ ಸೀಕ್ವೆನ್ಸರ್ ಓಡುತ್ತಿಲ್ಲ, ಕೆಟ್ಟಿರಬೇಕು ಎಂದು ಗಾಬರಿಯಾಗುವ ಮುಂಚೆ ಅಡ್ವ್/ಕ್ಲಾಕ್‌ನಲ್ಲಿ ಹಳೆಯ ಕೇಬಲ್ ಮರೆತು ಉಳಿದಿದೆಯೇ ನೋಡಿ.

ರೀಸೆಟ್ ಇಲ್ಲದ ಈ ಸೀಕ್ವೆನ್ಸರ್‌ಗೆ ಇನ್ನೊಂದು ಮುಖವಿದೆ, ಅದು ಬಹಳ ಚೆಂದ. ನಿಲ್ಲಿಸಿದ ಸ್ಥಿತಿಯಲ್ಲಿ ಅಡ್ವ್/ಕ್ಲಾಕ್‌ಗೆ ಪಲ್ಸ್ ಕೊಟ್ಟರೆ ಸ್ಟೆಪ್ ಮುಂದೆ ಹೋಗುತ್ತದೆ, ಸದ್ದು ಮಾಡುವುದಿಲ್ಲ. ಸದ್ದಿಗೆ ಬೇರೆ ಪಲ್ಸ್ ಟ್ರಿಗರ್ ಇನ್‌ಪುಟ್‌ಗೆ ಬೇಕು. ಅಂದರೆ ಸ್ವರದ ಆವರ್ತವೂ ಹೊಡೆತದ ಆವರ್ತವೂ ಬೇರೆ ಬೇರೆ. ಪ್ರತಿ ಹದಿನಾರನೆಯ ಭಾಗಕ್ಕೂ ಅಡ್ವಾನ್ಸ್, ಪ್ರತಿ ಮೂರನೆಯದಕ್ಕೆ ಟ್ರಿಗರ್ ಕೊಡಿ. ಕೇಳಿಬರುವ ಕ್ರಮ 1, 4, 7, 2, 5, 8, 3, 6. 24 ಪಲ್ಸ್ ಆದ ಮೇಲೆ ಮತ್ತೆ ಮೊದಲಿಗೆ. ಟ್ರಿಗರ್ ಐದಕ್ಕೊಂದಾದರೆ 40 ಪಲ್ಸ್‌ಗಳ ಸುತ್ತು. ಎಂಟೇ ನಾಬ್‌ಗಳಿಂದ ಇಷ್ಟು ಉದ್ದದ ನಡೆ ಹುಟ್ಟುತ್ತದೆ. ಉದ್ದ ಕಡಿಮೆ ಮಾಡಲಾಗದ ಕೊರತೆಯನ್ನು ಇದು ಬಹುಮಟ್ಟಿಗೆ ತುಂಬುತ್ತದೆ.

ಹೊರಗಿನ ಸದ್ದನ್ನು ಎಕ್ಸ್‌ಟ್ ಆಡಿಯೊ ಇನ್‌ಪುಟ್‌ಗೆ ಕೊಟ್ಟರೆ ಅದು ನಾಯ್ಸ್‌ನ ಜಾಗದಲ್ಲಿ ಕೂತು ಫಿಲ್ಟರ್ ಮತ್ತು ವಿಸಿಎ ದಾಟಿ ತುಂಡು ತುಂಡಾಗಿ ಹೊರಬರುತ್ತದೆ. ಉದ್ದನೆಯ ಕಾರ್ಡ್, ಮಾತು, ಮಳೆಯ ರೆಕಾರ್ಡಿಂಗ್ ಯಾವುದಾದರೂ ಸರಿ. ಫೋನಿನಿಂದಲೋ ಪ್ಲೇಯರ್‌ನಿಂದಲೋ ನೇರ ಚುಚ್ಚಿದರೆ ಸದ್ದು ಸಣ್ಣ: ಗೃಹಬಳಕೆಯ ಲೈನ್ ಮಟ್ಟ ಸುಮಾರು 0.3 ವೋಲ್ಟ್, ಮಾಡ್ಯುಲರ್ ಜಗತ್ತು ಅದರ ಸುಮಾರು ಹತ್ತು ಪಟ್ಟಿನಲ್ಲಿ ಮಾತಾಡುತ್ತದೆ. ನಡುವೆ ಒಂದು ಪ್ರಿಆಂಪ್ ಅಥವಾ ಮಿಕ್ಸರ್ ಚಾನೆಲ್ ಬೇಕೇ ಬೇಕು. ರೆಕಾರ್ಡಿಂಗ್‌ನಲ್ಲಿ ಇದೇ ಲೆಕ್ಕ ತಿರುವುಮುರುವು. ಪ್ಯಾಚ್‌ಬೇಯ ವಿಸಿಎ ಔಟ್‌ಪುಟ್‌ನ ಜೋರಿಗೆ ಇಂಟರ್‌ಫೇಸ್‌ನಲ್ಲಿ ಸದ್ದು ಸುಲಭವಾಗಿ ಒಡೆಯುತ್ತದೆ. ವಾಲ್ಯೂಮ್ 9 ಗಂಟೆಯಿಂದ ಶುರು ಮಾಡಿ, ಹೆಡ್‌ಫೋನ್ ಹಾಕಿಕೊಂಡು ರೆಸೊನೆನ್ಸ್ ತಿರುಗಿಸುವಾಗ ವಿಶೇಷ ಎಚ್ಚರ ಇರಲಿ. ಅದು ಒಮ್ಮೆಲೇ ಕಿರುಚಿ ಕಿವಿಗೆ ಪೆಟ್ಟು ಮಾಡಬಲ್ಲದು.

ಕಟ್ಟೋಣ ಗಟ್ಟಿಯಾಗಿದೆ, ನಾಬ್‌ಗಳ ನಡುವೆ ಬೆರಳಿಗೆ ಜಾಗವಿದೆ. ಡಬ್ಬಿಯಿಂದ ಹೊರತೆಗೆದು, ಹಲವು ಮಾಡ್ಯೂಲ್‌ಗಳನ್ನು ಒಟ್ಟಿಗೆ ಕೂರಿಸುವ ಯೂರೋರ‍್ಯಾಕ್ ಕೇಸ್‌ನಲ್ಲೂ ಕೂರಿಸಬಹುದು, 60 ಎಚ್‌ಪಿ (ಆ ಕೇಸ್‌ಗಳ ಅಳತೆಯ ಮಾನ) ಅಗಲ ಬೇಕು. ಪವರ್ ಕೇಬಲ್ ಜೋಡಿಸುವಾಗ ಕೆಂಪು ಗೆರೆ ಯಾವ ಕಡೆ ಬರಬೇಕೆಂದು ಬೋರ್ಡ್ ಮೇಲೆಯೂ ಕೇಸ್ ಮೇಲೆಯೂ ಎರಡೆರಡು ಸಲ ನೋಡಿ. ತಿರುಗುಮುರುಗಾದರೆ ಯಂತ್ರವೇ ಹೋಗಬಹುದು.

ಒಬ್ಬರೇ ಕೂತು ಪೂರ್ತಿ ತಾಳದ ಪದರ ಕಟ್ಟಬೇಕೆನ್ನುವವರಿಗೆ, ಒಂದು ಹಾಡಿನಿಂದ ಇನ್ನೊಂದಕ್ಕೆ ಕ್ಷಣದಲ್ಲಿ ಜಿಗಿಯಬೇಕಾದವರಿಗೆ ಇದೊಂದೇ ಸಾಲದು. ಸ್ಯಾಂಪ್ಲರ್ ಇರುವವರಿಗೆ, ಒಂದೊಂದೇ ಸದ್ದನ್ನು ಕೆತ್ತಿ ಟ್ರ್ಯಾಕ್ ಮೇಲೆ ಟ್ರ್ಯಾಕ್ ಇಡುವ ತಾಳ್ಮೆಯಿರುವವರಿಗೆ ಕಣ್ಣು ಮುಚ್ಚಿ ಹೇಳಬಹುದು, ತೆಗೆದುಕೊಳ್ಳಿ. ಜೊತೆಗೆ ಒಂದು ಅಟೆನ್ಯುಯೇಟರ್, ಒಂದು ಕ್ಲಾಕ್ ಡಿವೈಡರ್, ಸಿಗ್ನಲ್ ಕವಲಾಗಿಸಲು ಒಂದು ಮಲ್ಟ್, ಬೇರೆ ಬೇರೆ ಉದ್ದದ ಏಳೆಂಟು 3.5 ಮಿಲಿಮೀಟರ್ ಮೋನೊ ಕೇಬಲ್ ಕೊಂಡರೆ ಮೇಲೆ ಹೇಳಿದ ಹೆಚ್ಚಿನ ಪ್ಯಾಚ್‌ಗಳು ಕೈಗೆಟುಕುತ್ತವೆ. ಇಷ್ಟವಾದ ಸದ್ದು ಸಿಕ್ಕ ತಕ್ಷಣ ಫಲಕದ ಫೋಟೊ ತೆಗೆಯಿರಿ ಮತ್ತು ಎರಡು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಫೋಟೊ ನೋಡಿ ಮತ್ತೆ ಹೊಂದಿಸಿದಾಗ ಹತ್ತಿರದ ಸದ್ದು ಬರುತ್ತದೆ, ಅದೇ ಸದ್ದು ಬರುವುದಿಲ್ಲ.