ಅಡಿಕೆ ತೋಟದ ಮನೆಯಲ್ಲಿ ಎಂಟು ವರ್ಷ: ನಿಕಾನ್ ಪಿ900

2017ರ ಬೇಸಿಗೆಯಲ್ಲಿ ಕೊಂಡ ನಿಕಾನ್ ಕೂಲ್‌ಪಿಕ್ಸ್ ಪಿ900 ಕ್ಯಾಮೆರಾ ಇವತ್ತಿಗೂ ನಮ್ಮ ಅಡುಗೆಮನೆಯ ಕಿಟಕಿಯ ಪಕ್ಕದಲ್ಲೇ ಇರುತ್ತದೆ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮ ಮನೆ; ಹಿತ್ತಿಲಿಗೆ ತಾಗಿಕೊಂಡೇ ಅಡಿಕೆ ತೋಟ, ಅಂಗಳದ ಅಂಚಿಗೆ ದಾಸವಾಳದ ಬೇಲಿ. ಕಾಡು ಸುತ್ತಿ ಹುಲಿ ಹುಡುಕುವ ಆಸೆ ನನಗಿರಲಿಲ್ಲ. ದಿನಾ ಮನೆ ಬಾಗಿಲಿಗೆ ಬರುವ ಜೀವಗಳನ್ನು ಕಣ್ತುಂಬ ನೋಡಬೇಕಿತ್ತು.

ಇದರ ಶಕ್ತಿಯೆಲ್ಲ ಜೂಮ್‌ನಲ್ಲಿದೆ: 83 ಪಟ್ಟು, ಅಂದರೆ 35 ಎಂಎಂ ಕ್ಯಾಮೆರಾದ 24ರಿಂದ 2000 ಮಿಲಿಮೀಟರ್ ಲೆನ್ಸಿಗೆ ಸಮ. ತೂಕ ಸುಮಾರು 900 ಗ್ರಾಂ. ಕಿಟಕಿಯ ಒಳಗೆ ಅಲುಗಾಡದೆ ನಿಂತರೆ ಹಕ್ಕಿಗೆ ನನ್ನ ಸುಳಿವೇ ಸಿಗುವುದಿಲ್ಲ, ಅದು ತನ್ನ ಪಾಡಿಗೆ ತಾನು ಇರುತ್ತದೆ. ಈ ಒಂದು ಕಾರಣಕ್ಕೇ ಕ್ಯಾಮೆರಾ ನನಗೆ ಅಷ್ಟು ಪ್ರಿಯ.

ಎರಡನೆಯ ವರ್ಷ, ಫೆಬ್ರವರಿಯ ಬೆಳಗಿನ ಬಿಸಿಲಿನಲ್ಲಿ ಅಡಿಕೆ ಮರದ ತೊಗಟೆಯೇ ಅಲುಗಿದಂತಾಯಿತು. ಜೂಮ್ ಎಳೆದು ನೋಡಿದರೆ ಹಾರುವ ಓತಿ! ಮರದ ಕಲ್ಲುಹೂವಿಗೂ ಅದರ ಮೈಗೂ ವ್ಯತ್ಯಾಸವೇ ಇಲ್ಲ. ಗಂಟಲಿನ ಹಳದಿ ಚೀಲವನ್ನು ಚಾಚುವುದು, ಮಡಚುವುದು, ಎರಡು ಹೆಜ್ಜೆ ಮೇಲೇರುವುದು, ಮತ್ತೆ ಚಾಚುವುದು. ಬಿಸಿಲು ಆ ಚೀಲವನ್ನು ಹಾಯ್ದು ಬರುವಾಗ ಅರಿಶಿನದ ಎಲೆಯನ್ನು ಬೆಳಕಿಗೆ ಹಿಡಿದ ಹಾಗಿತ್ತು. ಆಮೇಲೆ ಪಕ್ಕೆಯ ಚರ್ಮವನ್ನು ಬಿಚ್ಚಿಕೊಂಡು ಎದುರಿನ ಮರಕ್ಕೆ ತೇಲಿಬಿಟ್ಟಿತು. ಆ ತೇಲಾಟದ ಸ್ಪಷ್ಟ ಚಿತ್ರ ನನಗೆ ಇನ್ನೂ ಒಂದೂ ಸಿಕ್ಕಿಲ್ಲ. ಹಾರುವುದನ್ನು ಹಿಡಿಯಬೇಕೆನ್ನುವವರು ಬೇರೆ ಕ್ಯಾಮೆರಾ ನೋಡುವುದು ಒಳ್ಳೆಯದು.

ಲೆನ್ಸಿನ ಪಕ್ಕದಲ್ಲೊಂದು ಗುಂಡಿಯಿದೆ. ಹಕ್ಕಿ ಚೌಕಟ್ಟಿನಿಂದ ತಪ್ಪಿಸಿಕೊಂಡಾಗ ಅದನ್ನು ಒತ್ತಿ ಹಿಡಿದರೆ ನೋಟ ಅಗಲವಾಗುತ್ತದೆ, ಬಿಟ್ಟರೆ ಜೂಮ್ ಮೊದಲಿದ್ದಲ್ಲಿಗೇ ಮರಳುತ್ತದೆ. ಕೊಂಬೆಯಿಂದ ಕೊಂಬೆಗೆ ಜಿಗಿಯುವ ಕಾಜಾಣವನ್ನು ಹಿಂಬಾಲಿಸಲು ನನಗೆ ಇದೇ ಆಧಾರ.

ಪೂರ್ತಿ ಜೂಮ್‌ನಲ್ಲಿ ಸುಮಾರು 5 ಮೀಟರ್‌ಗಿಂತ ಹತ್ತಿರದ್ದಕ್ಕೆ ಫೋಕಸ್ ಆಗುವುದಿಲ್ಲ. ಕಿಟಕಿಗೆ ತಾಗಿದ ದಾಸವಾಳಕ್ಕೆ ಸೂರಕ್ಕಿ ಬಂದಾಗ ಇದು ಅರ್ಥವಾಯಿತು; ಜೂಮ್ ತಗ್ಗಿಸಿದ ಮೇಲೆಯೇ ಚಿತ್ರ ಬಂತು. ನೀರಿನ ಮಣ್ಣಿನ ಬೋಗುಣಿಯನ್ನು ಆಗಲೇ ಏಳು ಮೀಟರ್ ಆಚೆ, ಕರಿಬೇವಿನ ಬುಡಕ್ಕೆ ಸರಿಸಿದೆ. ಮಡಿವಾಳ ಹಕ್ಕಿ ಮೀಯುವುದು ಅಲ್ಲೇ, ಹೆಚ್ಚಾಗಿ ಸಂಜೆ ನಾಲ್ಕರ ಮೇಲೆ.

ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ಸಣ್ಣದು, ತುತ್ತತುದಿಯ ಜೂಮ್‌ನಲ್ಲಿ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್6.5ರಷ್ಟು ಕಿರಿದು. ತೋಟದ ನೆರಳಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿದಂತೆಲ್ಲ ಗರಿಗಳ ನವಿರು ಅಳಿಸಿಹೋಗುತ್ತದೆ. ಹಾಗಾಗಿ ನೆರಳಿನಲ್ಲಿ ಅರ್ಧ ಜೂಮ್ ಸಾಕು ಮಾಡುತ್ತೇನೆ, ಕ್ಯಾಮೆರಾವನ್ನು ಅಕ್ಕಿಯ ಸಣ್ಣ ಚೀಲದ ಮೇಲೆ ಕೂರಿಸುತ್ತೇನೆ. ರಾ ಫೈಲ್, ಅಂದರೆ ಸೆನ್ಸರ್ ಕಂಡದ್ದನ್ನು ಹಾಗೆಯೇ ಉಳಿಸುವ ಕಡತ, ಇದರಲ್ಲಿಲ್ಲ. ಅದು ಬೇಕಿದ್ದವರಿಗೆ 2020ರಲ್ಲಿ ಬಂದ ಪಿ950 ಇದೆ.

ಮಲೆನಾಡಿನವರಿಗೆ ಮುಖ್ಯವಾದ ಮಾತು ಮಳೆಗಾಲದ್ದು. ಮೂರನೆಯ ವರ್ಷ ಕ್ಯಾಮೆರಾವನ್ನು ಬಟ್ಟೆಯ ಚೀಲದಲ್ಲಿಟ್ಟು ಕಪಾಟಿಗೆ ಸೇರಿಸಿದ್ದೆ. ಸೆಪ್ಟೆಂಬರ್‌ನಲ್ಲಿ ತೆಗೆದಾಗ ಗಾಜಿನ ಒಳಗೆ ಜೇಡರಬಲೆಯಂಥ ಬಿಳಿ ಎಳೆಗಳು. ಬೂಷ್ಟು! ಸ್ವಚ್ಛಗೊಳಿಸಲು ದುಡ್ಡೂ ಹೋಯಿತು, ಎರಡು ತಿಂಗಳೂ ಹೋಯಿತು. ಈಗ ಬಿಗಿಮುಚ್ಚಳದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್. ಹರಳಿನ ಬಣ್ಣ ತಿರುಗಿದೊಡನೆ ಬಿಸಿ ಮಾಡಿ ಒಣಗಿಸಿ ಮತ್ತೆ ಇಡುತ್ತೇನೆ. ಹಳೆಯದನ್ನು ಕೊಳ್ಳುವವರು ಲೆನ್ಸಿಗೆ ಟಾರ್ಚ್ ಬಿಟ್ಟು ನೋಡದೆ ಹಣ ಕೊಡಬೇಡಿ.

ಗೂಡಿನ ಚಿತ್ರ ತೆಗೆಯುವುದಿದ್ದರೆ ದೂರದಿಂದಲೇ ತೆಗೆಯಿರಿ. ಎಲೆ ಸರಿಸಿದರೆ ಪಿಕಳಾರದ ಮೊಟ್ಟೆಗಳು ಕೆಂಬೂತದ ಕಣ್ಣಿಗೆ ಬೀಳುತ್ತವೆ.

ನನಗಿನ್ನೂ ಬಾಕಿಯಿರುವುದು ನವರಂಗ ಹಕ್ಕಿಯ ಚಿತ್ರ. ಚಳಿಗಾಲ ಕಳೆಯಲು ಬಂದು ಬಾಳೆಯ ಬುಡದ ತರಗೆಲೆ ಕೆದಕುತ್ತದೆ. ಕೂಗುವುದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ, ಈ ಕ್ಯಾಮೆರಾಕ್ಕೆ ಬೆಳಕು ಸಾಲದ ಹೊತ್ತಿನಲ್ಲೇ. ಕಳೆದ ಡಿಸೆಂಬರ್‌ನಲ್ಲಿ ಒಂದು ದಿನ ಬೆಳಿಗ್ಗೆ ಎಂಟಕ್ಕೆ ಬೋಗುಣಿಯ ತನಕ ಬಂದಿತ್ತು. ನಾನಾಗ ಕೊಟ್ಟಿಗೆಯಲ್ಲಿದ್ದೆ.