ಶಕ್ತಿ ಬಸ್ ಸೇವೆ: ಎಣಿಕೆಗೆ ಸಿಕ್ಕಿದ್ದು, ಸಿಗದೆ ಉಳಿದದ್ದು

2023ರ ಜೂನ್ 11ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಕೊಡುವ ಶಕ್ತಿ ಯೋಜನೆಗೆ ಚಾಲನೆ ಕೊಟ್ಟ ಮರುವಾರದಿಂದ ನಾನು ಮೈಸೂರಿನಿಂದ ನಂಜನಗೂಡಿಗೆ, ಅಲ್ಲಿಂದ ಮತ್ತೆ ಮೈಸೂರಿಗೆ, ಕಾಲೇಜು ನಡೆಯುವ ದಿನಗಳಲ್ಲೆಲ್ಲ ಶೂನ್ಯ ಟಿಕೆಟ್ ಪಡೆದು ಪ್ರಯಾಣಿಸುತ್ತಿದ್ದೇನೆ. ಸಂಬಳ ಬರುವ ನನ್ನಂಥವಳಿಗೆ ಈ ಸೌಲಭ್ಯ ಬೇಕೇ ಎಂದು ಹಲವರು ಕೇಳಿದ್ದಾರೆ. ಆ ಪ್ರಶ್ನೆಗೆ ಮುಂದೆ ಬರುತ್ತೇನೆ. ಪ್ರಯಾಣಿಕಳಾಗಿ ಕಂಡದ್ದನ್ನೂ, ಸಮಾಜಶಾಸ್ತ್ರ ಬೋಧಿಸುವವಳಾಗಿ ಇಂಥ ಯೋಜನೆಗಳ ಕುರಿತ ಅಧ್ಯಯನಗಳಲ್ಲಿ ಓದಿದ್ದನ್ನೂ ಒಟ್ಟಿಗೆ ಇಟ್ಟುಕೊಂಡು ಈ ಸೇವೆಯನ್ನು ಅಳೆಯುವುದು ಇಲ್ಲಿನ ಉದ್ದೇಶ. ಟಿಕೆಟ್ ಯಂತ್ರ ಹತ್ತಿದವರನ್ನು ಎಣಿಸುತ್ತದೆ, ಹತ್ತಲಾಗದವರನ್ನು ಎಣಿಸುವುದಿಲ್ಲ. ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ಸಂಗತಿಯನ್ನೇ ಸುತ್ತಿಕೊಂಡಿದೆ.

ಸೇವೆ ಪಡೆಯುವ ಕ್ರಮ ಸರಳವಾಗಿದೆ. ಕೆಎಸ್‌ಆರ್‌ಟಿಸಿ, ಬಿಎಂಟಿಸಿ, ವಾಯವ್ಯ ಕರ್ನಾಟಕ ಮತ್ತು ಕಲ್ಯಾಣ ಕರ್ನಾಟಕ, ಈ ನಾಲ್ಕೂ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರು ಹಾಗೂ ಲಿಂಗತ್ವ ಅಲ್ಪಸಂಖ್ಯಾತರು ರಾಜ್ಯದ ಗಡಿಯೊಳಗೆ ಹಣ ಕೊಡದೆ ಪ್ರಯಾಣಿಸಬಹುದು. ರಾಜಹಂಸ, ಐರಾವತ, ವಜ್ರ, ವಾಯುವಜ್ರದಂಥ ಐಷಾರಾಮಿ ಸೇವೆಗಳಿಗೆ ಇದು ಅನ್ವಯಿಸುವುದಿಲ್ಲ. ಕರ್ನಾಟಕದ ವಿಳಾಸವಿರುವ ಆಧಾರ್ ಅಥವಾ ಮತದಾರರ ಗುರುತಿನ ಚೀಟಿಯನ್ನು ತೋರಿಸಿ, ಇಳಿಯುವ ಊರಿನ ಹೆಸರು ಹೇಳಿದರೆ ನಿರ್ವಾಹಕರು ಶೂನ್ಯ ದರದ ಟಿಕೆಟ್ ಕೊಡುತ್ತಾರೆ. ಹಣ ಕೊಟ್ಟಿಲ್ಲವಲ್ಲ ಎಂದು ಅದನ್ನು ಕಿಟಕಿಯಿಂದ ಹೊರಗೆ ಹಾಕಬಾರದು. ತನಿಖೆಯವರು ಬಂದರೆ ಆ ಟಿಕೆಟ್ಟೇ ಪುರಾವೆ, ಮತ್ತು ಅದರ ಲೆಕ್ಕದ ಮೇಲೆಯೇ ಸರ್ಕಾರ ನಿಗಮಕ್ಕೆ ಹಣ ಭರಿಸುತ್ತದೆ. ಆರಂಭದಲ್ಲಿ ಸರ್ಕಾರದ ಆನ್‌ಲೈನ್ ಸೇವಾ ತಾಣವಾದ ಸೇವಾ ಸಿಂಧು ಮೂಲಕ ಸ್ಮಾರ್ಟ್ ಕಾರ್ಡ್ ಕೊಡುವುದಾಗಿ ಹೇಳಿದ್ದರು. ಎರಡು ವರ್ಷ ಕಳೆದರೂ ಗುರುತಿನ ಚೀಟಿಯೇ ನಡೆಯುತ್ತಿತ್ತು. ಬೆಂಗಳೂರಿನ ನಗರ ಸಾರಿಗೆಯನ್ನು ಬಿಟ್ಟು ಉಳಿದ ನಿಗಮಗಳ ಬಸ್ಸುಗಳಲ್ಲಿ ಅರ್ಧ ಆಸನಗಳನ್ನು ಪುರುಷರಿಗೆ ಮೀಸಲಿಡಬೇಕೆಂಬ ನಿಯಮವೂ ಇದರ ಜೊತೆಗೇ ಬಂತು. ಕಿಕ್ಕಿರಿದ ಬಸ್ಸಿನಲ್ಲಿ ಪ್ರತಿಯೊಬ್ಬರ ಗುರುತಿನ ಚೀಟಿ ನೋಡಿ, ಪ್ರತಿಯೊಬ್ಬರಿಗೂ ಚೀಟಿ ಹರಿದು ಕೊಡಬೇಕಾದ ನಿರ್ವಾಹಕರ ಶ್ರಮವನ್ನು ಈ ಯೋಜನೆಯ ಕುರಿತ ಚರ್ಚೆಗಳಲ್ಲಿ ಯಾರೂ ಸಾಕಷ್ಟು ನೆನೆಯುವುದಿಲ್ಲ.

ಸೇವೆಯ ಬೆಲೆ ನನಗೆ ಸರಿಯಾಗಿ ಅರ್ಥವಾದದ್ದು ಪಕ್ಕದ ಆಸನದಲ್ಲಿ ಕುಳಿತಿದ್ದ ಒಬ್ಬ ಅಜ್ಜಿಯ ಮಾತಿನಿಂದ. ಮೈಸೂರಿನ ದೊಡ್ಡಾಸ್ಪತ್ರೆಗೆ ಸಕ್ಕರೆ ಕಾಯಿಲೆಯ ಮಾತ್ರೆ ತರಲು ಹೊರಟಿದ್ದ ಅವರು, "ಮೊದ್ಲು ಮಗ ಯಾವಾಗ ಕರ್ಕೊಂಡೋದಾನು ಅಂತ ಕಾಯ್ತಿದ್ದೆ ಕಣವ್ವ, ದುಡ್ ಕೇಳಕ್ಕೂ ನಾಚ್ಕೆ. ಈಗ ನಾನೇ ಹತ್ಕೊಂಡ್ ಬತ್ತೀನಿ" ಎಂದರು. ಉಳಿದ ಹಣ ಎಷ್ಟು ಎಂಬ ಲೆಕ್ಕ ಈ ಮಾತಿನಲ್ಲಿ ಇಲ್ಲ. ಮನೆಯಲ್ಲಿ ಹಣ ಕೇಳುವುದು, ಕೇಳುವಾಗ ಕಾರಣ ಹೇಳುವುದು, ಕಾರಣ ಒಪ್ಪಿಗೆಯಾಗುವವರೆಗೆ ಕಾಯುವುದು, ಇವೆಲ್ಲ ಒಮ್ಮೆಗೆ ಇಲ್ಲವಾದವು ಎಂಬುದು ಅದರ ಅರ್ಥ. ಟಿಕೆಟ್ ದರ ಸಣ್ಣದಿರಬಹುದು, ಆದರೆ ಸ್ವಂತ ಕೈಯಲ್ಲಿ ದುಡ್ಡಿಲ್ಲದ ಹೆಂಗಸಿಗೆ ಆ ಸಣ್ಣ ಮೊತ್ತವೂ ಇನ್ನೊಬ್ಬರ ಅನುಮತಿಯಾಗಿತ್ತು.

ಈಗ ಸಂಬಳ ಬರುವವಳಿಗೇಕೆ ಎಂಬ ಪ್ರಶ್ನೆ. ಬಡವರಿಗೆ ಮಾತ್ರ ಎಂದು ನಿಯಮ ಮಾಡಿದರೆ ಬಡತನಕ್ಕೆ ಒಂದು ಕಾಗದ ಬೇಕಾಗುತ್ತದೆ. ಆ ಕಾಗದ ಯಾರ ಕೈಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದನ್ನು ಬಿಪಿಎಲ್ ಕಾರ್ಡಿನ ಇಷ್ಟು ವರ್ಷಗಳ ಅನುಭವ ನಮಗೆ ಕಲಿಸಿದೆ: ಅರ್ಹರಲ್ಲದವರು ಪಟ್ಟಿಯೊಳಗೆ ಸೇರಿಕೊಳ್ಳುತ್ತಾರೆ, ಒಂಟಿ ಹೆಂಗಸರು, ವಲಸೆ ಕೂಲಿಯವರು, ಗಂಡನ ಮನೆ ಬಿಟ್ಟು ಬಂದವರು ಹೊರಗುಳಿಯುತ್ತಾರೆ. ಎಲ್ಲರಿಗೂ ಕೊಟ್ಟದ್ದರಿಂದ ಬಸ್ಸಿನ ಮೆಟ್ಟಿಲ ಮೇಲೆ ಯಾರೂ ತಮ್ಮ ಬಡತನವನ್ನು ಸಾಬೀತು ಮಾಡಬೇಕಾಗಿಲ್ಲ. ಯೋಜನೆಯ ವಿನ್ಯಾಸದಲ್ಲಿ ನಾನು ಅತ್ಯಂತ ಮೆಚ್ಚುವ ಅಂಶ ಇದು.

2025ರ ಜುಲೈ ತಿಂಗಳಲ್ಲಿ ಶೂನ್ಯ ಟಿಕೆಟ್‌ಗಳ ಸಂಖ್ಯೆ 500 ಕೋಟಿ ಮುಟ್ಟಿತು. ಅವುಗಳ ಮೌಲ್ಯ 12 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಸಂಖ್ಯೆ ದೊಡ್ಡದು, ಆದರೆ ಅದನ್ನು ಓದುವಾಗ ಎಚ್ಚರ ಬೇಕು. ಐನೂರು ಕೋಟಿ ಎಂಬುದು ಟಿಕೆಟ್‌ಗಳ ಲೆಕ್ಕವೇ ಹೊರತು ಮಹಿಳೆಯರ ಲೆಕ್ಕವಲ್ಲ. ಎರಡು ಬಸ್ ಬದಲಿಸಿ ಕೆಲಸಕ್ಕೆ ಹೋಗುವ ಗಾರ್ಮೆಂಟ್ಸ್ ಕಾರ್ಮಿಕಳೊಬ್ಬಳು ಒಂದೇ ದಿನದಲ್ಲಿ ನಾಲ್ಕು ಟಿಕೆಟ್ ಆಗುತ್ತಾಳೆ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಬರುವ ಅಜ್ಜಿ ತಿಂಗಳಿಗೆ ಎರಡೇ ಟಿಕೆಟ್. ಎರಡನೆಯ ಪ್ರಯಾಣದ ತೂಕ ಮೊದಲನೆಯದಕ್ಕಿಂತ ಕಡಿಮೆಯೆಂದು ಯಾರು ಹೇಳಬಲ್ಲರು? ಹತ್ತಿದ ಊರು, ಇಳಿದ ಊರು, ಹೊತ್ತು, ಇಷ್ಟು ಯಂತ್ರದ ಬಳಿ ಇದೆ. ಏಕೆ ಹೊರಟಳು, ಈ ಸೌಲಭ್ಯ ಇಲ್ಲದಿದ್ದರೆ ಹೊರಡುತ್ತಿದ್ದಳೇ ಎಂಬುದು ಅದರ ಬಳಿ ಇಲ್ಲ. ಅದನ್ನು ಮನೆಮನೆಗೆ ಹೋಗಿ ಕೇಳಿಯೇ ತಿಳಿಯಬೇಕು. ನಮಗಿಂತ ಎರಡು ವರ್ಷ ಮೊದಲೇ, 2021ರಲ್ಲಿ, ಇದೇ ಸೌಲಭ್ಯ ಆರಂಭಿಸಿದ ತಮಿಳುನಾಡಿನಲ್ಲಿ ಅಲ್ಲಿನ ರಾಜ್ಯ ಯೋಜನಾ ಆಯೋಗವು ಹೀಗೆ ಕೇಳಿ ನೋಡಿದಾಗ, ಒಬ್ಬ ಮಹಿಳೆಗೆ ತಿಂಗಳಿಗೆ ಸರಾಸರಿ 888 ರೂಪಾಯಿ ಉಳಿಯುತ್ತಿದೆ ಎಂಬುದು ಕಂಡುಬಂತು. ದಿನಗೂಲಿಯ ಮನೆಯಲ್ಲಿ ಅದು ತಿಂಗಳ ಹಾಲಿನ ಲೆಕ್ಕ.

ಹಣದ ಉಳಿತಾಯದಷ್ಟೇ ಹೊತ್ತಿನ ವಿಷಯವೂ ಮುಖ್ಯ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ. ಅದರಲ್ಲಿ ತೊಡಗುವ ಪುರುಷರು ಕೊಡುವುದು 88 ನಿಮಿಷ. ಹೆಂಗಸರ ಓಡಾಟ ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಎಂಬ ನೇರ ದಾರಿಯಲ್ಲಿ ಸಾಗದಿರುವುದಕ್ಕೆ ಕಾರಣ ಇಲ್ಲಿದೆ. ಮಗುವನ್ನು ಶಾಲೆಗೆ ಬಿಟ್ಟು, ದಾರಿಯಲ್ಲಿ ತರಕಾರಿ ತೆಗೆದುಕೊಂಡು, ಅತ್ತೆಯ ಔಷಧಿ ಹಿಡಿದು ಬರುವವಳು ಒಂದು ಸುತ್ತಿನಲ್ಲಿ ಮೂರು ನಾಲ್ಕು ಸಲ ಬಸ್ ಹತ್ತಿಳಿಯುತ್ತಾಳೆ, ಮೊದಲಾದರೆ ಪ್ರತಿ ಸಲವೂ ಹೊಸ ಟಿಕೆಟ್‌ಗೆ ಹಣ ಕೊಡುತ್ತಿದ್ದಳು. ದೂರದ ಒಂದೇ ಪ್ರಯಾಣಕ್ಕಿಂತ ತುಂಡು ತುಂಡು ಪ್ರಯಾಣ ದುಬಾರಿ. ಆ ದುಬಾರಿ ಹೊರೆಯನ್ನು ಶೂನ್ಯ ಟಿಕೆಟ್ ಇಳಿಸಿದೆ. ಯೋಜನೆಯ ಮೊದಲ ವಾರಗಳಲ್ಲಿ ಧರ್ಮಸ್ಥಳಕ್ಕೆ ಹೋದ ಮಹಿಳೆಯರ ದಟ್ಟಣೆಯನ್ನು ಕಂಡು ಇದು ಬರೀ ತಿರುಗಾಟ ಎಂದವರಿದ್ದರು. ವರ್ಷಗಟ್ಟಲೆ ಒಲೆಯ ಮುಂದಿದ್ದವರು ಒಮ್ಮೆ ದೇವರನ್ನೋ ನದಿಯನ್ನೋ ನೋಡಿ ಬಂದರೆ ಅದನ್ನು ವ್ಯರ್ಥದ ಖಾತೆಗೆ ಬರೆಯುವುದನ್ನು ನಾನು ಒಪ್ಪುವುದಿಲ್ಲ.

ಪರಿಸರದ ದೃಷ್ಟಿಯಿಂದ ಈ ಸೇವೆಯನ್ನು ಹೊಗಳುವವರು ಉಚಿತ ಬಸ್ ಬಂದರೆ ವಾಹನಗಳು ಕಡಿಮೆಯಾಗುತ್ತವೆ ಎನ್ನುತ್ತಾರೆ. ಅಧ್ಯಯನಗಳು ಅಷ್ಟು ಸುಲಭದ ಉತ್ತರ ಕೊಡುವುದಿಲ್ಲ. ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್ ತನ್ನ ನಿವಾಸಿಗಳಿಗೆಲ್ಲ 2013ರಿಂದ ನಗರ ಸಾರಿಗೆಯನ್ನು ಉಚಿತಗೊಳಿಸಿತು. ಅದನ್ನು ಅಧ್ಯಯನ ಮಾಡಿದ ಓಡೆಡ್ ಕ್ಯಾಟ್ಸ್ ಮತ್ತು ಸಹಸಂಶೋಧಕರು 2017ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ಸಾರ್ವಜನಿಕ ಸಾರಿಗೆಯ ಬಳಕೆ ಶೇ 14ರಷ್ಟು ಏರಿತ್ತು, ಆದರೆ ನಡೆದು ಹೋಗುವ ಪ್ರಯಾಣಗಳ ಪಾಲು ಶೇ 40ರಷ್ಟು ಕುಗ್ಗಿತ್ತು. ಅಂದರೆ ಬಸ್ಸಿಗೆ ಬಂದವರಲ್ಲಿ ಬಹಳ ಮಂದಿ ಕಾರು ಬಿಟ್ಟು ಬಂದವರಲ್ಲ, ನಡಿಗೆ ಬಿಟ್ಟು ಬಂದವರು. ಯುರೋಪಿನ ನಗರವೊಂದರಲ್ಲಿ ಇದು ನಿರಾಶೆಯ ಫಲಿತಾಂಶವಾಗಿರಬಹುದು. ನಮ್ಮಲ್ಲಿ ಅದೇ ಫಲಿತಾಂಶ ಬಂದರೂ ಅದರ ಅರ್ಥ ಬೇರೆಯಾಗುತ್ತದೆ: ಬಿಸಿಲಿನಲ್ಲಿ ಸೊಪ್ಪಿನ ಬುಟ್ಟಿ ಹೊತ್ತು ಎರಡು ಮೂರು ಕಿಲೋಮೀಟರ್ ನಡೆಯುತ್ತಿದ್ದವಳು ಬಸ್ ಹತ್ತಿದರೆ ಅದು ಸುಸ್ಥಿರತೆಗೆ ಆದ ನಷ್ಟವಲ್ಲ. ಸುಸ್ಥಿರತೆಯನ್ನು ಹೊಗೆಯ ಲೆಕ್ಕವೊಂದರಿಂದಲೇ ಅಳೆದರೆ ಅವಳ ನಡಿಗೆ ಒಳ್ಳೆಯದಾಗಿ, ಅವಳ ವಿಶ್ರಾಂತಿ ಕೆಟ್ಟದ್ದಾಗಿ ಕಾಣುತ್ತದೆ. ಆ ಅಳತೆಗೋಲನ್ನೇ ಬದಲಿಸಬೇಕು. ಹೊಗೆ ತಗ್ಗಬೇಕೆಂದರೆ ಪುರುಷರ ಬೈಕು, ಕಾರುಗಳನ್ನು ಬಸ್ಸಿನತ್ತ ಸೆಳೆಯುವ ಬೇರೆಯದೇ ಕ್ರಮಗಳು ಬೇಕು. 2025ರ ಜನವರಿ 5ರಿಂದ ಶೇ 15ರಷ್ಟು ಏರಿದ ಟಿಕೆಟ್ ದರ ಅವರನ್ನು ಸೆಳೆಯುವಂಥದ್ದಲ್ಲ.

ಸೇವೆಯ ದೌರ್ಬಲ್ಯ ಇರುವುದು ಬಸ್ಸುಗಳ ಸಂಖ್ಯೆಯಲ್ಲಿ. ಪ್ರಯಾಣಿಕರು ಏರಿದ ವೇಗದಲ್ಲಿ ಬಸ್ಸುಗಳು ಏರಲಿಲ್ಲ. ಬಸ್ ಸಾಲದೆಂದು ವಿದ್ಯಾರ್ಥಿಗಳು ರಸ್ತೆ ತಡೆದ ಸುದ್ದಿಗಳು ಹಲವು ಜಿಲ್ಲೆಗಳಿಂದ ಬಂದಿವೆ. ಇಂಧನದ ಬಾಕಿ ಮತ್ತು ಭವಿಷ್ಯನಿಧಿಯ ಬಾಕಿ ತೀರಿಸಲು ನಾಲ್ಕು ನಿಗಮಗಳು 2,000 ಕೋಟಿ ರೂಪಾಯಿ ಸಾಲ ಪಡೆಯುವುದಕ್ಕೆ ಸರ್ಕಾರ 2025ರ ಆರಂಭದಲ್ಲಿ ಒಪ್ಪಿಗೆ ಕೊಡಬೇಕಾಯಿತು. ಟಿಕೆಟ್‌ನ ಹಣವನ್ನು ಸರ್ಕಾರ ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ ಭರಿಸದೆ ಹೋದರೆ ಆ ಕೊರತೆ ಕೊನೆಗೆ ಕಾಣಿಸಿಕೊಳ್ಳುವುದು ಹಳ್ಳಿಯ ಸಂಜೆಯ ಟ್ರಿಪ್ಪಿನಲ್ಲಿ. ಆ ಟ್ರಿಪ್ ಇಲ್ಲವಾದರೆ ಸಂಜೆ ತರಗತಿ ಇರುವ ಹುಡುಗಿ ಕಾಲೇಜು ಬಿಡುತ್ತಾಳೆ, ಎರಡನೆಯ ಪಾಳಿಯ ಕೆಲಸ ಸಿಕ್ಕವಳು ಬೇಡವೆನ್ನುತ್ತಾಳೆ. ಇವರಿಬ್ಬರೂ ಯಾವ ಟಿಕೆಟ್ ಯಂತ್ರದಲ್ಲಿಯೂ ದಾಖಲಾಗುವುದಿಲ್ಲ. ಸರ್ಕಾರ ಮುಂದೆ ಸಂಶೋಧಕರಿಂದ ಅಧ್ಯಯನ ಮಾಡಿಸುವುದಾದರೆ ಬಸ್ಸಿನೊಳಗೆ ಪ್ರಶ್ನಾವಳಿ ಹಿಡಿದು ನಿಂತರೆ ಸಾಲದು, ಬಸ್ ಬಾರದ ಊರಿನ ಜಗಲಿಯಲ್ಲಿ ಕುಳಿತು ಕೇಳಬೇಕು.

ಬಸ್ಸೇ ಇಲ್ಲದ ಊರುಗಳಂತೆ, ಬಸ್ ಇದ್ದೂ ಶಕ್ತಿ ಇಲ್ಲದ ಜಿಲ್ಲೆಗಳೂ ಇವೆ. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಊರೂರಿನ ಓಡಾಟವನ್ನು ದಶಕಗಳಿಂದ ನಡೆಸಿಕೊಂಡು ಬಂದಿರುವುದು ಬಹುಪಾಲು ಖಾಸಗಿ ಬಸ್ಸುಗಳು. ಮಲೆನಾಡಿನ ಹಲವು ದಾರಿಗಳೂ ಹಾಗೆಯೇ. ಕೊಪ್ಪದಲ್ಲಿ ಕಾರ್ಮಿಕರೇ 1991ರಲ್ಲಿ ಕಟ್ಟಿ ನಡೆಸಿದ ಸಹಕಾರ ಸಾರಿಗೆ 2020ರಲ್ಲಿ ನಿಂತುಹೋದುದನ್ನು ಆ ಭಾಗದವರು ಈಗಲೂ ಸಂಕಟದಿಂದ ನೆನೆಯುತ್ತಾರೆ. ಈ ಊರುಗಳ ಮಹಿಳೆಯರೂ ಅದೇ ತೆರಿಗೆ ಕಟ್ಟುತ್ತಾರೆ, ಆದರೆ ಅವರ ದಾರಿಯಲ್ಲಿ ಶೂನ್ಯ ಟಿಕೆಟ್ ಕೊಡುವ ಬಸ್ ಅಪರೂಪ. ಖಾಸಗಿ ಸಾರಿಗೆಯವರು ತಮ್ಮ ನಷ್ಟ ಮುಂದಿಟ್ಟು 2023ರ ಸೆಪ್ಟೆಂಬರ್ 11ರಂದು ಬೆಂಗಳೂರಿನಲ್ಲಿ ಬಂದ್ ನಡೆಸಿದಾಗ ಚರ್ಚೆಯೆಲ್ಲ ಮಾಲೀಕರ ಮತ್ತು ಚಾಲಕರ ಸುತ್ತಲೇ ನಡೆಯಿತು. ಖಾಸಗಿ ಬಸ್ಸನ್ನೇ ನಂಬಿದ ಪ್ರಯಾಣಿಕಳ ಮಾತು ಕೇಳಿಬರಲಿಲ್ಲ. ಟಿಕೆಟ್ ಲೆಕ್ಕದ ಮೇಲೆ ಹಣ ಭರಿಸುವ ವ್ಯವಸ್ಥೆ ಸಿದ್ಧವಾಗಿಯೇ ಇರುವಾಗ, ನಿಗಮದ ಬಸ್ ಓಡದ ದಾರಿಗಳಲ್ಲಿ ಖಾಸಗಿ ಬಸ್ಸಿಗೂ ಅದನ್ನು ವಿಸ್ತರಿಸುವುದನ್ನೋ, ಅಲ್ಲಿಗೆ ನಿಗಮದ ಹೊಸ ಬಸ್ ಬಿಡುವುದನ್ನೋ ಸರ್ಕಾರ ತೀರ್ಮಾನಿಸಬೇಕು.

ನನ್ನ ನಾದಿನಿ ಕಾಪುವಿನ ಹತ್ತಿರದ ಹಳ್ಳಿಯಿಂದ ಉಡುಪಿಯ ಬಟ್ಟೆ ಅಂಗಡಿಯೊಂದಕ್ಕೆ ಕೆಲಸಕ್ಕೆ ಹೋಗುತ್ತಾಳೆ. ದಸರೆಗೆ ನಮ್ಮಲ್ಲಿಗೆ ಬಂದಾಗ ನಾವಿಬ್ಬರೂ ಶೂನ್ಯ ಟಿಕೆಟ್ ಪಡೆದು ನಂಜನಗೂಡಿನ ದೇವಸ್ಥಾನಕ್ಕೆ ಹೋಗಿಬಂದೆವು. ನಿಮ್ಮ ಕಡೆ ಎಲ್ಲ ಬಸ್ಸಿನಲ್ಲೂ ಹೀಗೆಯೇ ಕೊಡುತ್ತಾರಾ ಅತ್ತಿಗೆ ಎಂದು ಅವಳು ಎರಡು ಸಲ ಕೇಳಿದಳು. ಊರಿನಲ್ಲಿ ಅವಳು ಈಗಲೂ ದಿನಕ್ಕೆ ನಾಲ್ಕು ಟಿಕೆಟ್‌ಗೆ ಹಣ ಕೊಡುತ್ತಾಳೆ, ಹೋಗುವಾಗ ಎರಡು, ಬರುವಾಗ ಎರಡು.